ನೋಡಬಂದವರ ಕಾರಣಗಳು: ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಜನರೂ ವಸ್ತುಸಂಗ್ರಹಾಲಯವೂ

ವಸ್ತುಸಂಗ್ರಹಾಲಯಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅವುಗಳನ್ನು ಕಟ್ಟಿದವರ ಇತಿಹಾಸವನ್ನೇ ಬರೆದಿದ್ದಾರೆ. ಯಾವ ಅಧಿಕಾರಿಯು ಯಾವ ವರ್ಷದಲ್ಲಿ ಯಾವ ಮೂರ್ತಿಯನ್ನು ಸಾಗಿಸಿ ತಂದನು, ಕಟ್ಟಡಕ್ಕೆ ಅಸ್ತಿಭಾರವನ್ನಿಟ್ಟವರು ಯಾರು, ಸೂಚೀಪತ್ರವು ಎಂದು ಅಚ್ಚಾಯಿತು ಎಂಬ ಸಂಗತಿಗಳು ಕಡತಗಳಲ್ಲಿ ದೊರೆಯುತ್ತವೆ. ಆದರೆ ಬಾಗಿಲನ್ನು ದಾಟಿ ಒಳಗೆ ಬಂದ ಜನರು ಏತಕ್ಕೆ ಬಂದರು, ಬಂದವರು ಏನನ್ನು ಅರಸಿದರು, ಅವರ ಮಕ್ಕಳು ಬಂದಾಗ ಅದೇ ಕಾರಣ ಉಳಿದಿತ್ತೇ ಎಂಬ ಪ್ರಶ್ನೆಗಳಿಗೆ ಕಡತಗಳು ಉತ್ತರ ಕೊಡುವುದಿಲ್ಲ; ಹೆಚ್ಚೆಂದರೆ ತಲೆಗಳನ್ನು ಎಣಿಸಿ ಸುಮ್ಮನಾಗುತ್ತವೆ. ಈ ಲೇಖನದಲ್ಲಿ ಆ ಪ್ರಶ್ನೆಗಳನ್ನು ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಗಳ ಮಟ್ಟಿಗೆ ಇಟ್ಟುಕೊಂಡು ಪರಿಶೀಲಿಸಲು ಯತ್ನಿಸಿದ್ದೇವೆ. ದೊಡ್ಡ ಚಿತ್ರಶಾಲೆಯಾಗಲಿ ಭವ್ಯವಾದ ಕಲಾಭವನವಾಗಲಿ ಇಲ್ಲದ ಈ ಸೀಮೆಯನ್ನೇ ಏಕೆ ಆರಿಸಿಕೊಂಡಿರೆಂದು ಕೇಳುವವರುಂಟು. ಇಲ್ಲಿಯ ಜನರು ಬಹುಕಾಲ ಪರವೂರಿನ ಸಂಗ್ರಹಾಲಯಗಳಿಗೆ ಪ್ರೇಕ್ಷಕರಾಗಿದ್ದು, ತಮ್ಮ ಊರಿನ ಕಲ್ಲುಗಳನ್ನು ಬೇರೆಯೇ ಕಾರಣಗಳಿಂದ ನೋಡುತ್ತ ಬಂದವರು. ಆದುದರಿಂದ ಆ ಕಾರಣಗಳ ಭೇದವು ಇಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೆಂಗಳೂರು ಮೈಸೂರುಗಳಲ್ಲಿ ಕಾಣಿಸಲಾರದು ಎಂಬುದು ನಮ್ಮ ಉತ್ತರ.

ಮೊದಲು ಒಂದು ಕಲ್ಲಿನ ವಿಷಯ. ರಾಯಚೂರಿನ ಒಳಕೋಟೆಯ ಪಡುವಣ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಉದ್ದದ ಒಂದು ಚಪ್ಪಡಿಯನ್ನು ಕೂಡಿಸಿದ್ದಾರೆ. ಅದರ ಮೇಲಿರುವ ತೆಲುಗು ಶಾಸನವು ಕ್ರಿ. ಶ. 1294ರದು, ಕಾಕತೀಯರ ದಂಡನಾಯಕರು ಆದವಾನಿ, ಮಾನುವ ಮೊದಲಾದ ದುರ್ಗಗಳನ್ನು ಗೆದ್ದು ರಾಯಚೂರಿನಲ್ಲಿ ಈ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಮಾನುವವೆಂದರೆ ಇಂದಿನ ಮಾನ್ವಿ. ಶಾಸನದ ಚಾರಿತ್ರಿಕ ಮಹತ್ತ್ವವನ್ನು ವಿದ್ವಾಂಸರು ಬೇಕಾದಷ್ಟು ಚರ್ಚಿಸಿರುವರಾದ್ದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ. ನಮ್ಮ ಗಮನವನ್ನು ಸೆಳೆಯುವುದು ಅದರೊಡನೆ ಕೊರೆದಿರುವ ಚಿತ್ರ. ಆ ಮಹಾಶಿಲೆಯನ್ನು ಗಾಡಿಯ ಮೇಲೆ ಹೇರಿ, ಕೋಣಗಳ ಉದ್ದನೆಯ ಸಾಲನ್ನು ಹೂಡಿ, ಆಳುಗಳು ಸನ್ನೆಗೋಲು ಹಿಡಿದು ಗಾಲಿಗಳನ್ನು ನೂಕುತ್ತ ತರುತ್ತಿರುವ ದೃಶ್ಯವನ್ನು ಶಿಲ್ಪಿಯು ಗೀರುಗೆರೆಗಳಲ್ಲಿ ತೋರಿಸಿದ್ದಾನೆ. ಅಕ್ಷರ ಬಲ್ಲವನಿಗೆ ಶಾಸನ, ಬಲ್ಲದವನಿಗೆ ಚಿತ್ರ. ಇಷ್ಟು ದೊಡ್ಡ ಕಲ್ಲು ಇಲ್ಲಿಗೆ ಹೇಗೆ ಬಂತು ಎಂದು ದಾರಿಹೋಕನು ಕೇಳಿಯೇ ಕೇಳುವನೆಂದು ಅರಿತು ಅವನ ಪ್ರಶ್ನೆಗೆ ಉತ್ತರವನ್ನು ಕಲ್ಲಿನಲ್ಲಿಯೇ ಬರೆದಿಟ್ಟಂತಿದೆ. ಇಂದಿನ ಸಂಗ್ರಹಾಲಯಗಳಲ್ಲಿ ವಸ್ತುವಿನ ಕೆಳಗೆ ತೂಗುಹಾಕುವ ವಿವರದ ಚೀಟಿಗೆ ಇದಕ್ಕಿಂತ ಹಳೆಯದಾದ, ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಮ್ಮ ನಾಡಿನಲ್ಲಿ ನಾವು ಕಂಡಿಲ್ಲ. ಬೆರಗಿಗಾಗಿ ನೋಡುವುದು ಪಾಶ್ಚಾತ್ಯರು ತಂದುಕೊಟ್ಟ ಚಾಳಿಯೆಂದು ಹೇಳುವವರು ಒಮ್ಮೆ ಈ ಗೋಡೆಯ ಮುಂದೆ ನಿಂತು ಬರಬೇಕು.

ಬೆರಗು ಒಂದು ಕಾರಣವಾದರೆ ದರ್ಶನವು ಇನ್ನೊಂದು. ದೇವದುರ್ಗ ತಾಲೂಕಿನ ಗಬ್ಬೂರಿಗೆ ಪೂರ್ವದಲ್ಲಿ ಗೋಪುರಗ್ರಾಮವೆಂಬ ಹೆಸರಿತ್ತು. ಅದೊಂದು ವಿದ್ಯಾಸ್ಥಾನವಾಗಿತ್ತೆಂದು ಪ್ರತೀತಿ. ಮಲೆಶಂಕರ, ವೆಂಕಟೇಶ್ವರ, ಈಶ್ವರ, ಬಂಗಾರ ಬಸಪ್ಪ, ಹನುಮಂತ ದೇವಾಲಯಗಳೂ ಹಾಳುಬಿದ್ದ ದ್ವಾರಗಳೂ ಶಾಸನಗಳೂ ಅಲ್ಲಿ ಇವೆ. ಹಳೆಯ ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ ಮಾರ್ಕಂಡೇಶ್ವರ ದೇವಾಲಯವಿದ್ದು, ಅಲ್ಲಿಯೂ ಶಾಸನಗಳಿವೆ. ಇಂಥ ಊರುಗಳಲ್ಲಿ ಶಿಲ್ಪವನ್ನು ಶಿಲ್ಪವೆಂದು ನೋಡುವವರು ಹೊರಗಿನಿಂದ ಬಂದವರು ಮಾತ್ರ. ಊರವರಿಗೆ ಅದು ದೇವರು. ಪೂಜೆ ನಿಂತಿದ್ದರೆ ಭಿನ್ನವಾದ ದೇವರು. ಅದೂ ಅಲ್ಲದಿದ್ದರೆ ಬಟ್ಟೆ ಒಗೆಯಲು ಅನುಕೂಲವಾದ ಕಲ್ಲು. ಈ ಮೂರು ಸ್ಥಿತಿಗಳ ನಡುವೆ ಒಂದೇ ಮೂರ್ತಿ ಒಂದೆರಡು ತಲೆಮಾರುಗಳಲ್ಲಿ ಅತ್ತಿಂದಿತ್ತ ಸರಿದಾಡಿರುವುದೂ ಉಂಟು. ಎಣ್ಣೆ ಹಚ್ಚಿಸಿಕೊಂಡಿದ್ದ ವೀರಗಲ್ಲು ಕಟ್ಟೆಯ ಮೆಟ್ಟಿಲಾಗುತ್ತದೆ. ಮೆಟ್ಟಿಲಾಗಿದ್ದುದು ಯಾರದೋ ಕನಸಿನಲ್ಲಿ ಕಾಣಿಸಿಕೊಂಡು ಮರಳಿ ಕುಂಕುಮ ಪಡೆಯುತ್ತದೆ.

ಮಾನ್ವಿಯ ನಿದರ್ಶನವು ಇದಕ್ಕಿಂತಲೂ ವಿಚಾರಾರ್ಹವಾದುದು. ಹರಿಕಥಾಮೃತಸಾರದ ಕರ್ತೃಗಳಾದ ಜಗನ್ನಾಥದಾಸರು (1728–1809) ಬಾಳಿದ ಮನೆ ಅಲ್ಲಿದೆ. ಆ ಮನೆಯ ಒಂದು ಸ್ತಂಭದಲ್ಲಿ ದಾಸರು ಸನ್ನಿಹಿತರಾಗಿದ್ದಾರೆಂದು ಭಕ್ತರು ನಂಬುತ್ತಾರೆ. ಭಾದ್ರಪದ ಶುದ್ಧ ನವಮಿಯ ಆರಾಧನೆಗೆ ದೂರದ ಊರುಗಳಿಂದ ಜನ ಬಂದು ಸೇರುತ್ತಾರೆ. ಕವಿಯ ಮನೆಯನ್ನು ಉಳಿಸಿ, ಅವನು ಮುಟ್ಟಿದ ವಸ್ತುವನ್ನು ಕಾಪಾಡಿ, ನೋಡಬಂದವರಿಗೆ ತೋರಿಸುವುದು ಯೂರೋಪಿನಲ್ಲಿ ಸಂಗ್ರಹಾಲಯದ ಒಂದು ಪ್ರಭೇದವೆಂದು ಎಣಿಕೆಯಾಗಿದೆ. ಮಾನ್ವಿಯಲ್ಲಿ ಕವಿಯ ಮನೆಯಿದೆ, ಉಳಿಸಿದ ಕಂಬವಿದೆ, ಬರುವ ಜನರಿದ್ದಾರೆ. ಆದರೂ ಅದನ್ನು ಸಂಗ್ರಹಾಲಯವೆಂದು ಕರೆದರೆ ಬಂದವರು ಒಪ್ಪುವುದಿಲ್ಲ, ನಾವೂ ಕರೆಯುವುದಿಲ್ಲ. ಅಲ್ಲಿರುವುದು ಸಂದುಹೋದ ಒಬ್ಬನ ನೆನಪಲ್ಲ. ಇದ್ದೇ ಇರುವ ಒಬ್ಬರ ಸನ್ನಿಧಿ. ವಸ್ತುವಿನಲ್ಲಿ ಭೇದವಿಲ್ಲ, ಬಂದವರ ಕಾರಣದಲ್ಲಿ ಭೇದವಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸ್ಥಳ ನಮ್ಮ ಜಿಲ್ಲೆಯಲ್ಲಿ ಮತ್ತೊಂದಿಲ್ಲ.

ಮೂರನೆಯದು ನಿಧಿಯ ಆಸೆ. ಇದನ್ನು ಹೇಳಲು ಸಂಕೋಚವಾಗುತ್ತದೆಯಾದರೂ ಬಿಡುವಂತಿಲ್ಲ. ಶಾಸನದ ಮೇಲೆ ಕಾಗದವಿಟ್ಟು ಪಡಿಯಚ್ಚು ತೆಗೆಯುವವನು ಹೊನ್ನಿನ ಕೊಪ್ಪರಿಗೆಯ ಗುರುತನ್ನು ಓದುತ್ತಿದ್ದಾನೆಂಬ ಸಂಶಯವು ನಮ್ಮ ಹಳ್ಳಿಗಳಲ್ಲಿ ಇನ್ನೂ ಮಾಯವಾಗಿಲ್ಲ; ಕ್ಷೇತ್ರಕಾರ್ಯಕ್ಕೆ ಹೋದ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಇದನ್ನು ಹೇಳಿಯಾನು. ನಾವು ನಮ್ಮ ವೃತ್ತಿಯ ಆರಂಭದಲ್ಲಿ ಒಂದು ಹಾಳುಗುಡಿಯ ಮುಂದೆ ಅರ್ಧ ದಿನ ಕುಳಿತು ಪಾಠವನ್ನು ಬರೆದುಕೊಂಡು ಹೋದೆವು. ಮರುವರ್ಷ ಅಲ್ಲಿಗೆ ಹೋದಾಗ ಶಾಸನದ ಬುಡದಲ್ಲಿ ಆಳೆತ್ತರದ ಕುಳಿ ಬಿದ್ದಿತ್ತು, ಕಲ್ಲು ಎರಡಾಗಿತ್ತು. ಅಗೆದವರಿಗೆ ದಾರಿ ತೋರಿಸಿದವರು ನಾವೇ ಆದೆವಲ್ಲ ಎಂಬ ಅಳಲು ಇಂದಿಗೂ ಹೋಗಿಲ್ಲ. ಆದರೆ ಹಳ್ಳಿಗರನ್ನು ಮಾತ್ರ ಹಳಿಯುವುದು ನ್ಯಾಯವಲ್ಲ. 1878ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಮಾಡಿದ ಕಾಯಿದೆಯೂ ನೆಲದಲ್ಲಿ ಹುದುಗಿದ ಬೆಲೆಯುಳ್ಳ ವಸ್ತುವನ್ನೆಲ್ಲ ನಿಧಿಯೆಂದೇ ಹೆಸರಿಸಿತು. ಕಾನೂನೂ ಕಳ್ಳನೂ ಒಂದೇ ಶಬ್ದವನ್ನು ಬಳಸುವಾಗ ಮೂರನೆಯ ಅರ್ಥವೊಂದಿದೆಯೆಂದು ಹಳ್ಳಿಯ ಜನಕ್ಕೆ ತಿಳಿಸುವವರು ಯಾರು?

ಈ ಸೀಮೆಯ ಹೊರಗೆ, ಆಂಗ್ಲ ಅಧಿಕಾರಿಗಳು ಕಟ್ಟಿದ ಸಂಗ್ರಹಾಲಯಗಳಿಗೆ ಜನ ಏತಕ್ಕೆ ಹೋದರೆಂಬುದನ್ನು ಈಗ ಸಂಕ್ಷೇಪವಾಗಿ ನೋಡಬಹುದು. ಮದರಾಸಿನ ಸಂಗ್ರಹಾಲಯವು 1851ರಲ್ಲಿ ಆರಂಭವಾಯಿತು. ಅದರ ಮೊದಲ ಅಧಿಕಾರಿಯಾಗಿದ್ದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನು ಕಲ್ಲು ಖನಿಜಗಳಿಗಿಂತ ಜೀವಂತ ಪ್ರಾಣಿಗಳನ್ನು ನೋಡಲು ಜನ ಮುಗಿಬೀಳುವುದನ್ನು ಕಂಡು ಅಲ್ಲಿಯೇ ಒಂದು ಮೃಗಾಲಯವನ್ನೂ ಬೆಳೆಸಿದನು. 1863ರಲ್ಲಿ ಪ್ರಾಣಿಗಳು ಬೇರೆಡೆಗೆ ಹೋದವು; ಜನರ ಬಾಯಲ್ಲಿ ಮಾತ್ರ ಎರಡೂ ಜೋಡಿಯಾಗಿಯೇ ಉಳಿದು, ಒಂದು ಸತ್ತ ಕಾಲೇಜು, ಇನ್ನೊಂದು ಜೀವದ ಕಾಲೇಜು ಎಂಬ ತಮಿಳು ಹೆಸರುಗಳು ಹುಟ್ಟಿದವು. ಅದೇ ಬಾಲ್ಫರನ ಪ್ರೇರಣೆಯಿಂದ 1865ರಲ್ಲಿ ಬೆಂಗಳೂರಿನ ಸಂಗ್ರಹಾಲಯವು ರೂಪುಗೊಂಡು 1877ರಲ್ಲಿ ಈಗಿನ ಕಟ್ಟಡಕ್ಕೆ ಬಂದಿತು. ಬೆಂಗಳೂರಿನ ಜನ ಅದನ್ನು ತಮಾಷೆ ಬಂಗಲೆಯೆಂದು ಕರೆದರು. ಉತ್ತರದ ಊರುಗಳಲ್ಲಿ ಅಜಾಯಬ್‌ಘರ್, ಜಾದೂಘರ್ ಎಂಬ ಹೆಸರುಗಳು ರೂಢವಾದವು. ಹೆಸರಿಟ್ಟವರು ಜನ, ಆದುದರಿಂದ ಬಂದ ಕಾರಣವೂ ಹೆಸರಿನಲ್ಲಿಯೇ ಇದೆ. ನಾವು ಬಳಸುವ ವಸ್ತುಸಂಗ್ರಹಾಲಯವೆಂಬ ಶಬ್ದವು ಪಂಡಿತರು ಕಟ್ಟಿದ್ದು, ಉಗ್ರಾಣವನ್ನು ನೆನಪಿಗೆ ತರುತ್ತದೆ. ಅಜಾಯಬ್‌ಘರ್ ಎಂಬುದರಲ್ಲಿ ಕಣ್ಣರಳಿಸುವ ಮನುಷ್ಯನಿದ್ದಾನೆ. 1936ರಲ್ಲಿ ಮಾರ್ಕಮ್ ಮತ್ತು ಹಾರ್ಗ್ರೀವ್ಸ್ ಎಂಬವರು ಭಾರತದ ಸಂಗ್ರಹಾಲಯಗಳನ್ನು ಕುರಿತು ಪ್ರಕಟಿಸಿದ ವರದಿಯು ಅವುಗಳ ಸ್ಥಿತಿಯನ್ನು ಕಟುವಾಗಿಯೇ ವಿಮರ್ಶಿಸಿತು. ಆ ಕಾಲದ ಅಧಿಕಾರಿಗಳ ದೃಷ್ಟಿಯಲ್ಲಿ ತಮಾಷೆಗೆ ಬರುವವನು ತಿದ್ದಬೇಕಾದ ಪ್ರೇಕ್ಷಕ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ರಾಯಚೂರಿನವರಿಗೆ ಬೆಂಗಳೂರಾಗಲಿ ಮೈಸೂರಾಗಲಿ ಹತ್ತಿರದ್ದಾಗಿರಲಿಲ್ಲ. 1853ರಿಂದ 1860ರವರೆಗಿನ ಕೆಲವು ವರ್ಷಗಳ ಬ್ರಿಟಿಷ್ ಆಡಳಿತವನ್ನು ಬಿಟ್ಟರೆ, 1948ರವರೆಗೂ ಈ ಸೀಮೆ ನಿಜಾಮರದು. 1956ರ ನವೆಂಬರ್ 1ರವರೆಗೂ ಹೈದರಾಬಾದು ರಾಜ್ಯದ್ದು. ರಾಜಧಾನಿಯೆಂದರೆ ಹೈದರಾಬಾದು. ಮೇಲಿನ ನ್ಯಾಯಾಲಯ ಅಲ್ಲಿ, ದೊಡ್ಡ ಆಸ್ಪತ್ರೆ ಅಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯ ಅಲ್ಲಿ. ಆ ನಗರದ ಬಾಗೆ ಆಮ್‌ನಲ್ಲಿ 1930ರಿಂದ ಸರಕಾರದ ಸಂಗ್ರಹಾಲಯವಿತ್ತು. 1951ರ ಡಿಸೆಂಬರ್ 16ರಂದು ಜವಾಹರಲಾಲ ನೆಹರೂ ಅವರು ದಿವಾನ್ ದೇವಡಿಯಲ್ಲಿ ಸಾಲಾರ್‌ಜಂಗ್ ಸಂಗ್ರಹಾಲಯವನ್ನು ತೆರೆದರು. 1968ರಲ್ಲಿ ಅದು ಮೂಸಿ ನದಿಯ ದಕ್ಷಿಣದ ದಂಡೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಉಸ್ಮಾನಿಯಾ ಆಸ್ಪತ್ರೆಯು ಉತ್ತರದ ದಂಡೆಯಲ್ಲಿ, ಹೈಕೋರ್ಟು ದಕ್ಷಿಣದ ದಂಡೆಯಲ್ಲಿ.

ಈ ಭೂಗೋಲವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮಾನ್ವಿ, ದೇವದುರ್ಗಗಳ ಹಿರಿಯರ ಬಾಯಿಂದ ನಾವು ಕೇಳಿದ ಮಟ್ಟಿಗೆ, ಸಾಲಾರ್‌ಜಂಗ್ ನೋಡಲೆಂದೇ ಮನೆಯಿಂದ ಹೊರಟವರು ವಿರಳ. ಜಮೀನಿನ ವ್ಯಾಜ್ಯವಿತ್ತು, ಮನೆಯಲ್ಲಿ ಯಾರಿಗೋ ರೋಗವಿತ್ತು, ಮದುವೆಗೆ ಜವಳಿ ಕೊಳ್ಳಬೇಕಾಗಿತ್ತು. ಕೆಲಸ ಬೇಗ ಮುಗಿದು ರಾತ್ರಿಯ ರೈಲಿಗೆ ಹೊತ್ತಿತ್ತು. ಸೇತುವೆ ದಾಟಿದರೆ ಸಂಗ್ರಹಾಲಯ. ಆಸ್ಪತ್ರೆಯಲ್ಲಿ ಒಬ್ಬರು ರೋಗಿಯ ಬಳಿ ಕುಳಿತಿರಲು ಮತ್ತೊಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ ಬರುತ್ತಿದ್ದರು. ಹೀಗೆ ಹೋಗಿಬಂದವರಿಗೆ ಏನು ನೆನಪಿದೆ? ಮೊದಲನೆಯದು ಗಡಿಯಾರ. ಗಂಟೆ ಬಾರಿಸಲು ಕೆಲವು ನಿಮಿಷ ಮುಂಚೆ ಅದರೊಳಗಿನಿಂದ ಗಡ್ಡದ ಸಣ್ಣ ಗೊಂಬೆಯೊಂದು ಹೊರಬರುತ್ತದೆ. ಎಷ್ಟು ಗಂಟೆಯಾಗಿದೆಯೋ ಅಷ್ಟು ಸಲ ಜಾಗಟೆ ಬಡಿದು ಒಳಗೆ ಹೋಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಬಡಿತ ಹೆಚ್ಚು, ಆದುದರಿಂದ ಜನವೂ ಹೆಚ್ಚು. ಎರಡನೆಯದು ಇಟಲಿಯ ಬೆನ್ಜೋನಿ ಎಂಬ ಶಿಲ್ಪಿಯು ಮಾಡಿದ, ಮೊದಲನೆಯ ಸಾಲಾರ್‌ಜಂಗನು 1876ರಲ್ಲಿ ರೋಮಿನಲ್ಲಿ ಕೊಂಡ, ಮುಸುಕಿನ ರೆಬೆಕಾ. ಅಮೃತಶಿಲೆಯಲ್ಲಿ ತೆಳ್ಳನೆಯ ಬಟ್ಟೆಯಂತೆ ಕಾಣುವ ಮುಸುಕು. ಅದು ಕಲ್ಲೋ ಬಟ್ಟೆಯೋ ಎಂಬ ಚರ್ಚೆ ಊರಿಗೆ ಮರಳಿದ ಮೇಲೆಯೂ ಕಟ್ಟೆಯ ಮೇಲೆ ನಡೆಯುತ್ತಿತ್ತಂತೆ.

ರೆಬೆಕಾ ಯಾರು, ಬೈಬಲ್ಲಿನಲ್ಲಿ ಅವಳ ಕಥೆಯೇನು ಎಂಬುದು ಆ ಚರ್ಚೆಯಲ್ಲಿ ಬರಲಿಲ್ಲ. ಇದನ್ನು ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರುಂಟು. ನಮಗೆ ಹಾಗೆ ತೋರುವುದಿಲ್ಲ. ಕಲ್ಲಿನಲ್ಲಿ ಬಟ್ಟೆಯ ತೆಳುವನ್ನು ತರುವುದು ಎಷ್ಟು ಕಷ್ಟವೆಂಬುದು ಗ್ರಹಿಕೆಗೆ ಬಂದಿದ್ದಲ್ಲಿ ಶಿಲ್ಪಿಯ ಕೆಲಸವನ್ನು ಆ ಜನ ಸರಿಯಾದ ಕಡೆಯಿಂದಲೇ ಹಿಡಿದಿದ್ದರು. 1294ರ ಚಪ್ಪಡಿಯ ಮುಂದೆ ಕೇಳುವ ಪ್ರಶ್ನೆಯೂ ಇದೇ ಜಾತಿಯದು: ಇದನ್ನು ಹೇಗೆ ಮಾಡಿದರು? ಪುಸ್ತಕ ಓದಿದವರು ಇದು ಯಾರದು, ಯಾವ ಕಾಲದ್ದು, ಯಾವ ಶೈಲಿಯದು ಎಂದು ಕೇಳುತ್ತಾರೆ. ಕೈಕೆಲಸ ಬಲ್ಲವರು ಹೇಗೆ ಮಾಡಿದರೆಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಚೀಟಿಗಳನ್ನು ನಮ್ಮ ಸಂಗ್ರಹಾಲಯಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ಇತ್ತ ಹೈದರಾಬಾದಿನ ಗಡಿಯಾರವನ್ನು ನೋಡಲು ರಾಯಚೂರಿನವರು ಹೋಗುತ್ತಿದ್ದಾಗ, ಅತ್ತ ರಾಯಚೂರಿನ ಪ್ರಾಚೀನತೆಯು ಪರವೂರುಗಳಲ್ಲಿ ಶೇಖರವಾಗುತ್ತಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಎಂಬಾತನು ಲಿಂಗಸುಗೂರು, ಮಸ್ಕಿಗಳ ಸುತ್ತ ಆರಿಸಿದ ಶಿಲಾಯುಧ ಮಡಕೆಚೂರುಗಳು ಅವನ ಸಂಗ್ರಹದೊಡನೆ 1904ರಲ್ಲಿ ಮದರಾಸಿನ ಸಂಗ್ರಹಾಲಯವನ್ನು ಸೇರಿದವು. ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ 1914ರಲ್ಲಿ ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯು ಹುಟ್ಟಿತು. ಮರುವರ್ಷವೇ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿ ದೊರೆತುದರಿಂದ ಅದು ಜಗತ್ಪ್ರಸಿದ್ಧವಾಯಿತು. ಎಚ್. ಕೃಷ್ಣಶಾಸ್ತ್ರಿಗಳ ಸಂಪಾದನೆಯಲ್ಲಿ ಹೈದರಾಬಾದ್ ಪ್ರಾಚ್ಯವಸ್ತು ಗ್ರಂಥಮಾಲೆಯ ಮೊದಲ ಸಂಖ್ಯೆಯಾಗಿ ಅದು 1915ರಲ್ಲಿ ಹೊರಬಂದಿತು. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ನರು ನಡೆಸಿದ ಉತ್ಖನನದ ವರದಿಯು 1960ರಲ್ಲಿ ಪ್ರಕಟವಾದಾಗ ಪಿಕ್ಲಿಹಾಳವು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷಗಳಾಗಿದ್ದವು. ಆದರೂ ಅದು ಆಂಧ್ರಪ್ರದೇಶ ಸರಕಾರದ ಪ್ರಾಚ್ಯವಸ್ತು ಗ್ರಂಥಮಾಲೆಯ ಮೊದಲ ಸಂಖ್ಯೆಯಾಗಿ ಹೈದರಾಬಾದಿನಿಂದಲೇ ಬಂದಿತು. ಎರಡು ಸರಕಾರಗಳ ಎರಡು ಗ್ರಂಥಮಾಲೆಗಳ ಮೊದಲ ಪುಸ್ತಕವಾಗುವ ಭಾಗ್ಯ ರಾಯಚೂರು ಜಿಲ್ಲೆಗೆ ಬಂದಿದೆ. ಎರಡೂ ಬೇರೆ ರಾಜಧಾನಿಯಿಂದ. ಇದನ್ನು ದೂರೆಂದು ಹೇಳುತ್ತಿಲ್ಲ. ಅವರು ಕೈಹಾಕದೆ ಹೋಗಿದ್ದರೆ ಎಷ್ಟು ಉಳಿಯುತ್ತಿತ್ತೋ ದೇವರೇ ಬಲ್ಲ. ಆದರೆ ಇದರ ಫಲವಾಗಿ, ತನ್ನ ಊರಿನ ಹಳೆಯ ವಸ್ತುವನ್ನು ತನ್ನದೆಂದು ನೋಡುವ ಕಾರಣವು ಈ ಸೀಮೆಯ ಮನುಷ್ಯನಿಗೆ ಬಹುಕಾಲ ಹುಟ್ಟಲೇ ಇಲ್ಲ.

ಈಗ ಊರಿನ ಸಂಗ್ರಹಾಲಯಕ್ಕೆ ಬರೋಣ. ರಾಯಚೂರು ಕೋಟೆಯ ಹೊರಸುತ್ತಿನ ಉತ್ತರದಿಕ್ಕಿನ ದ್ವಾರವನ್ನು ನವರಂಗ ದರವಾಜವೆಂದು ಕರೆಯುತ್ತಾರೆ. ಗೋಡೆಗಳಲ್ಲಿರುವ ಉಬ್ಬುಶಿಲ್ಪಗಳ ಸಾಲುಗಳಿಂದಲೇ ಅದಕ್ಕೆ ಆ ಹೆಸರು ಬಂದಿರಬೇಕು. ಸುತ್ತಮುತ್ತಣ ಊರುಗಳ ಶಿಲ್ಪಗಳನ್ನು ತಂದಿಟ್ಟು ಇದನ್ನೇ ಸರಕಾರಿ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಗಿದೆ. ಕಲಬುರಗಿಯಲ್ಲಿ ಹಳೆಯ ಗುಮ್ಮಟಗಳಲ್ಲಿ ಸಂಗ್ರಹಾಲಯವನ್ನಿಟ್ಟಂತೆ ಇಲ್ಲಿಯೂ ಪಾತ್ರೆಯೇ ಪ್ರದರ್ಶನದ ಮುಖ್ಯ ವಸ್ತು. ಕೃಷ್ಣದೇವರಾಯನು 1520ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ಈ ಕೋಟೆಯನ್ನು ಗೆದ್ದುದು ಪ್ರಸಿದ್ಧವಷ್ಟೆ. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಅವರು 2014ರ ತಮ್ಮ ಗ್ರಂಥದಲ್ಲಿ ರಾಯಚೂರಿನ ದ್ವಾರಗಳನ್ನು ಆ ವಿಜಯದ ಹಿನ್ನೆಲೆಯಲ್ಲಿ ಚರ್ಚಿಸಿದ್ದಾರೆ. ವಿದ್ವಾಂಸನಿಗೆ ಅಲ್ಲಿಗೆ ಹೋಗಲು ಅಷ್ಟೇ ಸಾಕಾದ ಕಾರಣ.

ಉಳಿದವರು ಏತಕ್ಕೆ ಬರುತ್ತಾರೆ? ಬೇಸಗೆಯ ಕೆಲವು ದಿನಗಳನ್ನೂ ಶ್ರಾವಣದ ಕೆಲವು ದಿನಗಳನ್ನೂ ಅಲ್ಲಿ ಕಳೆದು ನಾವು ಕಂಡುದನ್ನು ಹೇಳುತ್ತೇವೆ. ಇದು ಲೆಕ್ಕವಲ್ಲ, ಕಣ್ಣಿಗೆ ಬಿದ್ದುದು ಮಾತ್ರ. ರಾಯಚೂರಿನ ವೈಶಾಖದ ಬಿಸಿಲನ್ನು ಬಲ್ಲವರಿಗೆ ಮೊದಲ ಕಾರಣವನ್ನು ಹೇಳಬೇಕಾಗಿಲ್ಲ: ದಪ್ಪಗೋಡೆಯ ನೆರಳು. ಬಸ್ಸಿಗೆ ಕಾಯುವವರು, ಕಚೇರಿಯ ಕೆಲಸಕ್ಕೆ ಹಳ್ಳಿಯಿಂದ ಬಂದು ಸಾಹೇಬರ ಊಟ ಮುಗಿಯುವವರೆಗೆ ಹೊತ್ತು ಕಳೆಯಬೇಕಾದವರು ಬಂದು ಕೂಡುತ್ತಾರೆ. ಕೂತವರು ಎದ್ದು ಎರಡು ಹೆಜ್ಜೆ ನಡೆದು ಒಂದು ಶಿಲ್ಪವನ್ನು ನೋಡುತ್ತಾರೆ. ನೋಡಿದವರು ಇನ್ನೊಂದನ್ನು ನೋಡುತ್ತಾರೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಸಾಲಾಗಿ ಹೋಗುತ್ತಾರೆ. ಅವರನ್ನು ಕರೆತಂದ ಕಾರಣ ಶಿಕ್ಷಕರದು, ಅವರ ಕಾರಣ ಡಬ್ಬಿಯ ಬುತ್ತಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರು ಬರುತ್ತಾರೆ. ಇವರು ಹೊಸ ಬಗೆಯ ಪ್ರೇಕ್ಷಕರು. ಮಸ್ಕಿಯ ಶಾಸನದಲ್ಲಿ ಯಾವ ಹೆಸರಿದೆಯೆಂಬ ಪ್ರಶ್ನೆಗೆ ಉತ್ತರ ಅವರ ನಾಲಗೆಯ ತುದಿಯಲ್ಲಿದೆ, ಮಸ್ಕಿಯನ್ನು ಹಲವರು ನೋಡಿಲ್ಲ. ಇನ್ನು ಕೈಯಲ್ಲಿ ಮೊಬೈಲ್ ಹಿಡಿದು ಶಿಲ್ಪಕ್ಕೆ ಬೆನ್ನುಕೊಟ್ಟು ನಿಲ್ಲುವವರು. ಬೆನ್ನುಕೊಟ್ಟವರನ್ನು ಕಂಡು ಮೊದಲು ನಮಗೂ ಸಿಟ್ಟು ಬಂದುದುಂಟು; ಆದರೆ ಚಿತ್ರ ತೆಗೆದ ಬಳಿಕ ಅವರಲ್ಲಿ ಕೆಲವರು ಬೆರಳುಗಳಿಂದ ಅದನ್ನು ಹಿಗ್ಗಿಸಿ, ಹಿಂದಿರುವ ಆನೆಯ ಸೊಂಡಿಲನ್ನು ಒಬ್ಬರಿಗೊಬ್ಬರು ತೋರಿಸುವುದನ್ನು ಕಂಡ ಮೇಲೆ ಸುಮ್ಮನಾದೆವು.

ಶ್ರಾವಣದ ಒಂದು ದಿನ ದೇವದುರ್ಗದ ಕಡೆಯ ಹಳ್ಳಿಯಿಂದ ಬಂದಿದ್ದ ವೃದ್ಧೆಯೊಬ್ಬಳು, ಮಗನು ಸರಕಾರಿ ಕಚೇರಿಯಿಂದ ಮರಳುವವರೆಗೆ ಅಲ್ಲಿ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ನಾಗಶಿಲ್ಪವೊಂದರ ಮುಂದೆ ನಿಂತು ಕೈಮುಗಿದಳು. ಮುಡಿಯಲ್ಲಿದ್ದ ಹೂವನ್ನು ತೆಗೆದು ಅದರ ಬುಡದಲ್ಲಿಟ್ಟಳು. ಅನಂತರ ನಮ್ಮ ಕಡೆಗೆ ತಿರುಗಿ, ಇದು ಯಾವ ಊರಿನ ನಾಗಪ್ಪನೆಂದು ಕೇಳಿದಳು. ಶತಮಾನವನ್ನು ಅಂದಾಜಿನಿಂದ ಹೇಳಬಲ್ಲವರಾಗಿದ್ದೆವು, ರಾಜವಂಶವನ್ನೂ ಹೇಳಬಲ್ಲೆವು. ಊರನ್ನು ಹೇಳಲಾರದೆ ಹೋದೆವು.

ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರೇಕ್ಷಕರ ಕಾರಣಗಳನ್ನು ಕುರಿತು ಆಧುನಿಕರು ಹೇಳಿರುವುದನ್ನು ನೋಡಿದರೆ ಅದರ ಉಪಯೋಗವೂ ಮಿತಿಯೂ ತಿಳಿಯುತ್ತವೆ. ಫ್ರಾನ್ಸಿನ ಬೋರ್ದಿಯೊ ಮತ್ತು ದಾರ್ಬೆಲ್ ಎಂಬವರು ಯೂರೋಪಿನ ಕಲಾಸಂಗ್ರಹಾಲಯಗಳನ್ನು ಕುರಿತು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾಗಿಲು ಎಲ್ಲರಿಗೂ ತೆರೆದಿದ್ದರೂ ಬರುವವರು ಹೆಚ್ಚಾಗಿ ವಿದ್ಯಾವಂತ ವರ್ಗದವರೆಂದು ತೋರಿಸಿದರು. ಫ್ರಾನ್ಸಿಗೆ ಇದು ದಿಟವಿರಬಹುದು. ನಮ್ಮಲ್ಲಿ ಓದುಬರಹ ಬಲ್ಲದವರೇ ತಂಡತಂಡವಾಗಿ ಸಂಗ್ರಹಾಲಯಗಳಿಗೆ ಬಂದಿದ್ದಾರೆ, ಬರದೆ ಉಳಿದವರು ಅನೇಕ ವೇಳೆ ಪದವೀಧರರು. ಅಮೆರಿಕದ ಜಾನ್ ಫಾಕ್ ಎಂಬವರು 2009ರ ತಮ್ಮ ಪುಸ್ತಕದಲ್ಲಿ ಪ್ರೇಕ್ಷಕರನ್ನು ಐದು ಬಗೆಯಾಗಿ ವಿಂಗಡಿಸಿದರು: ಕುತೂಹಲದಿಂದ ಅರಸುವವರು, ಜೊತೆಯವರಿಗಾಗಿ ಬರುವವರು, ವಿಷಯಜ್ಞರು, ನೋಡಿದೆವೆಂಬ ಅನುಭವಕ್ಕಾಗಿ ಬರುವವರು, ಮನಸ್ಸಿಗೆ ವಿಶ್ರಾಂತಿ ಬೇಕಾದವರು. ಈ ಬಗೆಗಳು ಮನುಷ್ಯರ ಜಾತಿಗಳಲ್ಲ, ಆ ದಿನದ ಅಗತ್ಯಗಳು. ಇಂದು ಮಗುವಿಗಾಗಿ ಬಂದವನು ನಾಳೆ ತನಗಾಗಿ ಬಂದಾನು ಎಂಬುದು ಅವರ ವಾದದ ಬೆಲೆಯುಳ್ಳ ಅಂಶ. ಕೆಲವು ವರ್ಷಗಳ ಬಳಿಕ ಅವರು ಈ ಪಟ್ಟಿಗೆ ಗೌರವದಿಂದ ಬರುವ ಯಾತ್ರಿಕರನ್ನೂ ತಮ್ಮದೆಂಬ ನಂಟಿನಿಂದ ಬರುವವರನ್ನೂ ಸೇರಿಸಿದರು. ಮಾನ್ವಿಯ ಕಂಬವನ್ನು ಕಂಡವರಿಗೆ ಇವೆರಡು ಮೊದಲು ಬರಬೇಕಾಗಿತ್ತೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೂ ಪಟ್ಟಿ ಪಟ್ಟಿಯೇ. ವೃದ್ಧೆಯು ಯಾವ ಬಗೆಗೆ ಸೇರಿದವಳು? ಬಂದುದು ನೆರಳಿಗೆ, ಎದ್ದುದು ಕುತೂಹಲಕ್ಕೆ, ಕೈಮುಗಿದುದು ಭಕ್ತಿಗೆ, ಕೊನೆಗೆ ಕೇಳಿದ್ದು ಚರಿತ್ರೆಯ ಪ್ರಶ್ನೆ. ಅರ್ಧ ಗಂಟೆಯೊಳಗೆ ನಾಲ್ಕು ಕಾರಣಗಳು. ತಮಾಷೆ, ದರ್ಶನ, ತಿಳಿವಳಿಕೆ ಎಂಬಿವು ಒಂದರ ಮೇಲೊಂದು ಏರುವ ಮೆಟ್ಟಿಲುಗಳೆಂದೂ, ಪ್ರೇಕ್ಷಕನನ್ನು ಕೆಳಗಿನದರಿಂದ ಮೇಲಿನದಕ್ಕೆ ಎತ್ತುವುದೇ ಸಂಗ್ರಹಾಲಯದ ಕರ್ತವ್ಯವೆಂದೂ ಹಿಂದಿನ ಅಧಿಕಾರಿಗಳು ಭಾವಿಸಿದ್ದರು. ಇಂದಿನ ಅನೇಕರೂ ಭಾವಿಸುತ್ತಾರೆ. ನಾವು ಕಂಡ ಸಂಗತಿಗಳು ಇದನ್ನು ಸಮರ್ಥಿಸುವುದಿಲ್ಲ. ಹೊಸ ಕಾರಣ ಬಂದಾಗ ಹಳೆಯದು ಹೋಗುವುದಿಲ್ಲ, ಪಕ್ಕಕ್ಕೆ ಸರಿದು ಕೂರುತ್ತದೆ. ಹೂವಿಟ್ಟವಳೇ ಊರನ್ನು ಕೇಳಿದಳು. ಹೂವಿಡದೆ ಹೋಗಿದ್ದರೆ ಬಹುಶಃ ಕೇಳುತ್ತಲೂ ಇರಲಿಲ್ಲ.

ಇದರಿಂದ ಒಂದು ಕಾರ್ಯದ ಮಾತು ಹುಟ್ಟುತ್ತದೆ. ಗಬ್ಬೂರಿನಂಥ ಊರುಗಳಲ್ಲಿ ಬಯಲಿಗೆ ಬಿದ್ದಿರುವ ಶಿಲ್ಪಗಳನ್ನು ರಾಯಚೂರಿಗೆ ಸಾಗಿಸಬೇಕೆ, ಅಲ್ಲಿಯೇ ಇಡಬೇಕೆ ಎಂಬ ವಿವಾದ ಆಗಾಗ ಏಳುತ್ತದೆ. ಸಾಗಿಸಬೇಕೆನ್ನುವವರು ನಿಧಿಗಳ್ಳರನ್ನು ತೋರಿಸುತ್ತಾರೆ; ನಾವು ಕಂಡ ಎರಡು ತುಂಡಾದ ಶಾಸನವು ಅವರ ಪಕ್ಷದ ಸಾಕ್ಷಿ. ಬೇಡವೆನ್ನುವವರು, ಕಲ್ಲು ಊರನ್ನು ಬಿಟ್ಟರೆ ಊರಿಗೆ ಅದನ್ನು ನೋಡುವ ಕಾರಣವೇ ಉಳಿಯುವುದಿಲ್ಲವೆನ್ನುತ್ತಾರೆ. ಮದರಾಸಿಗೆ ಹೋದ ಮಸ್ಕಿಯ ಮಡಕೆಚೂರುಗಳನ್ನು ನೋಡಲು ಮಸ್ಕಿಯಿಂದ ಯಾರೂ ಹೋದಂತಿಲ್ಲ. ನಮ್ಮ ಒಲವು, ಊರಿನಲ್ಲಿ ಕಾಯುವವರಿರುವಷ್ಟು ದಿನ ಊರಿನಲ್ಲಿಯೇ ಇರಲಿ ಎಂಬ ಕಡೆಗೆ. ತರಲೇಬೇಕಾದಲ್ಲಿ, ಕಾಲ, ವಂಶ, ಶೈಲಿಗಳಿಗಿಂತ ಮೊದಲು, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಅದು ಬಂದ ಊರಿನ ಹೆಸರನ್ನೂ ಸಾಧ್ಯವಾದರೆ ಊರಿನೊಳಗೆ ಅದಿದ್ದ ಜಾಗವನ್ನೂ ಬರೆಯಬೇಕು. ಅಗಸೆಯ ಬಳಿ, ಬಾವಿಯ ದಂಡೆಯಲ್ಲಿ, ಹನುಮಪ್ಪನ ಗುಡಿಯ ಹಿಂದೆ ಎಂಬಂತೆ. ತಂದವರ ಟಿಪ್ಪಣಿಗಳು ಕಳೆದುಹೋಗಿರುವ ಕಡೆ, ಶಿಲ್ಪಗಳ ಛಾಯಾಚಿತ್ರಗಳನ್ನು ಹಿಡಿದು ಹಳ್ಳಿಗಳಿಗೆ ಹೋಗಿ ಹಿರಿಯರನ್ನು ಕೇಳುವ ಕೆಲಸವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಕೇಳಬೇಕಾದ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ವೃದ್ಧೆಯ ಮಗನು ಮಧ್ಯಾಹ್ನ ಮೂರರ ಸುಮಾರಿಗೆ ಬಂದನು. ಕೆಲಸವಾಗಿರಲಿಲ್ಲ, ಮುಂದಿನ ವಾರ ಮತ್ತೆ ಬರಬೇಕಾಗಿತ್ತು. ಹೊರಡುವ ಮೊದಲು ಆಕೆ ಅವನನ್ನು ಕರೆದುಕೊಂಡು ಹೋಗಿ ಆ ಕಲ್ಲನ್ನು ತೋರಿಸಿದಳು. ತಮ್ಮ ಊರಿನ ಹಳ್ಳದ ದಂಡೆಯಲ್ಲಿದ್ದುದು ಹೀಗೆಯೇ ಇತ್ತೆಂದು ಅವಳು, ಅದಕ್ಕೆ ಹೆಡೆಗಳು ಹೆಚ್ಚಾಗಿದ್ದವೆಂದು ಅವನು ವಾದಿಸುತ್ತ ದ್ವಾರವನ್ನು ದಾಟಿದರು.